ಅಪ್ಪಯ್ಯನನ್ನು ಇಸ್ಪೀಟಿಗೆ ಕೂರಿಸಬಹುದಾ ಎಂದು ಕೇಳಿದವರಿಗೆ

ಸಿದ್ದಾಪುರ ಕಡೆಯ ತಮ್ಮ ಬರೆದದ್ದು ಓದಿದೆ. ತೋಟ ಮಗನ ಕೈಗೆ ಬಿಟ್ಟ ಮೇಲೆ ಅಪ್ಪಯ್ಯ ಮೊಬೈಲ್ ಹಿಡಿದು ಕೂತೇ ಇರುತ್ತಾರೆ, ಸ್ವಲ್ಪ ಮರೆವು ಬೇರೆ, ಪಕ್ಕದ ಮನೆಯವರು ಇಸ್ಪೀಟಿಗೆ ಕರೆಯುತ್ತಾರೆ, ಆದರೆ ಆಯಿ ಮಾತ್ರ 'ಮನೆಗೆ ಜೂಜು ತರಬೇಡಿ' ಎನ್ನುತ್ತಾರೆ ಅಂತ. ಅಡಿಕೆ ಬೆಳೆಗಾರರ ಗುಂಪಿನಲ್ಲಿ ಇದೆಂಥ ಪ್ರಶ್ನೆ ಎಂದು ಕೆಲವರು ನಕ್ಕಿದ್ದನ್ನೂ ನೋಡಿದೆ. ನಗಬೇಡಿ ಮಾರಾಯ್ರೆ, ಇನ್ನು ಇಪ್ಪತ್ತು ವರ್ಷಕ್ಕೆ ಆ ಜಗಲಿ ನಮ್ಮದೇ.

ನಾನು ಶಿರಸಿ ಹತ್ತಿರದವನು. ನಮ್ಮ ಅಪ್ಪಯ್ಯನಿಗೆ 76. ವಾರಕ್ಕೆ ಮೂರು ದಿನ, ಮಧ್ಯಾಹ್ನ ಮಲಗೆದ್ದು ಆಸರಿ ಕುಡಿದ ಮೇಲೆ, ನಮ್ಮ ಜಗಲಿಯಲ್ಲೇ '28' ಎಂಬ ಇಸ್ಪೀಟಾಟ ನಡೆಯುತ್ತದೆ. ಏಳರಿಂದ ಎಕ್ಕದವರೆಗೆ 32 ಎಲೆ, ನಾಲ್ಕು ಜನ, ಎದುರು ಕೂತವರು ಜೋಡಿ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ರಾಜ ರಾಣಿಗೆ ಸೊನ್ನೆ. ತುರುಪು ಮುಚ್ಚಿಟ್ಟಿರುತ್ತದೆ. ಯಾವ ಗುಲಾಮ ಬಿದ್ದಾಯ್ತು, ಯಾರ ಹತ್ತಿರ ಕಳಾವರ್ ಖಾಲಿ ಎಂದು ನೆನಪಿಡದಿದ್ದರೆ ಜೋಡಿಯವರೇ ಬೈಯುತ್ತಾರೆ. ಆ ಬೈಗುಳದ ಹೆದರಿಕೆಗೇ ತಲೆ ಓಡುತ್ತದೆ.

ಇದು ಮರೆವಿಗೆ ಔಷಧವಾ? ಅಷ್ಟು ದೊಡ್ಡ ಮಾತು ಬೇಡ. ನ್ಯೂಯಾರ್ಕಿನಲ್ಲಿ 75 ದಾಟಿದ 469 ಜನರನ್ನು ಸುಮಾರು ಐದು ವರ್ಷ ಗಮನಿಸಿದ ಅಧ್ಯಯನವೊಂದು 2003ರಲ್ಲಿ ಬಂದಿತ್ತು. ಓದು, ವಾದ್ಯ, ಇಸ್ಪೀಟಿನಂಥ ಆಟ ಇಟ್ಟುಕೊಂಡವರಲ್ಲಿ ಮರೆವಿನ ಕಾಯಿಲೆ ಕಡಿಮೆ ಕಂಡಿತು. ಆದರೆ ಮರೆವು ಒಳಗೊಳಗೇ ಶುರುವಾದವರು ಮೊದಲು ಬಿಡುವುದೇ ಇಂಥದ್ದನ್ನು, ಅಲ್ವಾ? ಆಡಿದ್ದರಿಂದ ಚೆನ್ನಾಗಿದ್ದರೋ, ಚೆನ್ನಾಗಿದ್ದರಿಂದ ಆಡಿದರೋ, ಬಿಡಿಸಿ ಹೇಳುವುದು ಕಷ್ಟ.

ನನಗೆ ಕಂಡ ಲಾಭ ಬೇರೆ. ಮೂರು ವರ್ಷದ ಹಿಂದೆ ಅಪ್ಪಯ್ಯ ಇದ್ದಕ್ಕಿದ್ದಂತೆ ಆಟ ಬಿಟ್ಟರು. ಆಗ ಪಕ್ಕದ ಮನೆಯಲ್ಲಿ ಆಡುತ್ತಿದ್ದರು. ಏನೋ ಮುನಿಸು ಎಂದುಕೊಂಡು ನಾವೂ ಸುಮ್ಮನಿದ್ದೆವು. ಇಡೀ ಮಳೆಗಾಲ ಮನುಷ್ಯ ಯಾರ ಜೊತೆಗೂ ಮಾತಿಲ್ಲ. ಆಮೇಲೆ ಅವರ ಜೋಡಿಯನ್ನು ವಿಚಾರಿಸಿದೆ. ಎಷ್ಟು ಅಂಕ ಮಾಡುತ್ತೇವೆ ಎಂದು ಸವಾಲು ಕೂಗುವಾಗ ಅವರು 'ಹದಿನೆಂಟು' ಎಂದರೆ, ಅದಕ್ಕಿಂತ ಹೆಚ್ಚು ಹೇಳುವ ಬದಲು ಅಪ್ಪಯ್ಯ 'ಹದಿನೇಳು' ಎನ್ನುತ್ತಿದ್ದರಂತೆ. ಎಲ್ಲರೂ ನಕ್ಕರಂತೆ. ಒಂದು ದಿನ ನಾನೇ ಎದುರು ಕೂತು ಎಲೆ ಹಂಚಿದೆ. ಎಲೆ ನೋಡುವುದು ಬಿಟ್ಟು ನನ್ನ ತುಟಿ ನೋಡುತ್ತಿದ್ದರು! ಮರೆವಲ್ಲ, ಕಿವಿ. ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದರಿಂದ ನಮಗೆ ಗೊತ್ತೇ ಆಗಿರಲಿಲ್ಲ. ಪರೀಕ್ಷೆ ಮಾಡಿಸಿ ಮಷಿನ್ ಹಾಕಿಸಿದೆವು. ಹದಿನೈದು ದಿನ ಕಿರಿಕಿರಿ ಎಂದರು, ಆಮೇಲೆ ಆಟಕ್ಕೆ ವಾಪಸ್.

ಕಿವಿ ಮಂದವಾಗುವುದು, ಜನರಿಂದ ದೂರವಾಗುವುದು ಎರಡೂ ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುತ್ತವೆ ಎಂದು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2020ರ ವರದಿಯಲ್ಲೇ ಹೇಳಿದೆ. 2024ರಲ್ಲಿ ಕಣ್ಣು ಮಂಜಾಗುವುದನ್ನೂ ಸೇರಿಸಿತು. ಆದ್ದರಿಂದ ನಿಮ್ಮ ಅಪ್ಪಯ್ಯನ ಜೊತೆ ನೀವೇ ಒಂದೆರಡು ಆಟ ಆಡಿ ನೋಡಿ. ಆಟಿನ್ ಮತ್ತು ಡೈಮನ್ ಅದಲು ಬದಲಾದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಎರಡೂ ಕೆಂಪಲ್ವಾ, ಅಲ್ಲೇ ಸಿಕ್ಕಿಬೀಳುತ್ತದೆ. ಎಲೆ ಸರಿಯಾಗಿ ಕಂಡೂ ಇವತ್ತಿನ ತುರುಪು ಯಾವುದೆಂದು ಪದೇ ಪದೇ ಕೇಳುತ್ತಿದ್ದರೆ ಆಟದ ಮೇಲೆ ಭಾರ ಹಾಕಿ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಆಯಿಯ ಮಾತನ್ನು ತಳ್ಳಿಹಾಕಬೇಡಿ. ಇಸ್ಪೀಟಿಗೆ ತೋಟ ಹೋದ ಮನೆ ಎಲ್ಲ ಊರಲ್ಲೂ ಒಂದಾದರೂ ಇರುತ್ತದೆ. ನಮ್ಮಲ್ಲಿ ಕಾಸಿಲ್ಲ, 'ಒಂದೇ ರೂಪಾಯಿ, ತಮಾಷೆಗೆ' ಎನ್ನುವುದೂ ಇಲ್ಲ. ಲೆಕ್ಕಕ್ಕೆ ಹನ್ನೆರಡು ಚಾಲಿ ಅಡಿಕೆ ಇಟ್ಟಿದ್ದೇವೆ, ಆಟ ಮುಗಿದ ಮೇಲೆ ಅವು ಡಬ್ಬಕ್ಕೆ. ಇನ್ನೊಂದು, ಆಯಿಯನ್ನು ಚಾ ಮಾಡಲು ಬಿಟ್ಟು ನೀವೆಲ್ಲ ಆಡಿದರೆ ಅವರಿಗೆ ಸಿಟ್ಟು ಬರದೇ ಇರುತ್ತದಾ? ಕೂರಿಸಿಕೊಳ್ಳಿ. ನಮ್ಮ ಆಯಿ 'ಕತ್ತೆ' ಆಟದಿಂದ ಶುರು ಮಾಡಿದವರು, ಈಗ ಅಪ್ಪಯ್ಯನಿಗಿಂತ ಜೋರು. ಮೊಬೈಲ್ ರಮ್ಮಿ ಮಾತ್ರ ಬೇಡವೇ ಬೇಡ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ತಂದು ನಿಷೇಧಿಸಿದೆ. ಆದರೂ ಹೇಗೋ ಲಿಂಕ್ ಬರುತ್ತದೆ, ಅವರ ಫೋನ್ ಒಮ್ಮೆ ನೋಡಿ.

ಕವಳದ (ಎಲೆ ಅಡಿಕೆಯ) ತಟ್ಟೆ ಪಕ್ಕದಲ್ಲಿದ್ದರೆ ಒಂದು ಆಟಕ್ಕೆ ಒಂದು ಕವಳ ಆಗುತ್ತದೆ. ಈ ಗುಂಪಿನಲ್ಲಿ ಇದಕ್ಕಿಂತ ಜಾಸ್ತಿ ಹೇಳಿದರೆ ನನ್ನನ್ನು ಹೊರಗೆ ಹಾಕುತ್ತೀರಿ, ಆದರೆ ತಂಬಾಕನ್ನಾದರೂ ತಟ್ಟೆಯಿಂದ ತೆಗೆದಿಡಿ. ಚಾಪೆ ಬೇಡ, ಕುರ್ಚಿ ಹಾಕಿ. ಆಟಕ್ಕೊಮ್ಮೆ ಎದ್ದು ಅಂಗಳದವರೆಗೆ ಹೋಗಿ ಬರಲಿ. ಕತ್ತಲಾದ ಮೇಲೆ ಆಟ ಬೇಡ, ನಿದ್ದೆ ಕೆಡುತ್ತದೆ.

ಎಲೆ ಪ್ಲಾಸ್ಟಿಕ್ಕಿನದ್ದೇ ತನ್ನಿ, ಅಂಕಿ ದೊಡ್ಡದಿರುವುದು. ಕಾಗದದ್ದು ನಮ್ಮ ಮಳೆಗಾಲಕ್ಕೆ ಒಂದಕ್ಕೊಂದು ಅಂಟಿ, ಕಲೆಸಲು ಬರುವುದಿಲ್ಲ. ನಾಲ್ಕನೆಯವರು ಸಿಗದಿದ್ದರೆ ನೀವೇ ಕೂತುಕೊಳ್ಳಿ. ಮೊದಲ ವಾರ ಅಪ್ಪಯ್ಯನ ಹತ್ತಿರ ಬೈಸಿಕೊಳ್ಳುತ್ತೀರಿ, ಬೈಸಿಕೊಳ್ಳಿ.