ಗಾಯಗೊಂಡ ಕಾರ್ಮಿಕರನ್ನು ಕೆಲಸಕ್ಕೆ ವಾಪಸ್ ಕಳಿಸುವುದನ್ನು ಡಾಕ್ಟರು ಎಲ್ಲಿ ಕಲಿಯಬೇಕು?

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಹತ್ತಿರ ನಿಮ್ಮದೊಂದು ಸಣ್ಣ ಕ್ಲಿನಿಕ್. ಬೆನ್ನು ಹಿಡಿದುಕೊಂಡವರು, ಪ್ರೆಸ್ ಮೆಷಿನ್‌ನಲ್ಲಿ ಬೆರಳು ಜಜ್ಜಿಸಿಕೊಂಡವರು ಬರುತ್ತಾರೆ. ಗಾಯ ನೋಡುವುದು ಗೊತ್ತು, ಆದರೆ ಯಾವಾಗ ಕೆಲಸಕ್ಕೆ ಕಳಿಸಬೇಕು ಅಂತ ಎಂಬಿಬಿಎಸ್‌ನಲ್ಲಿ ಯಾರೂ ಹೇಳಿಕೊಡಲಿಲ್ಲ, ಇದಕ್ಕೆ ತರಬೇತಿ ಇದೆಯಾ ಅಂತ ಕೇಳಿದ್ದೀರಿ. ನಾನು ಮೊದಲು ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಡಿಸ್ಪೆನ್ಸರಿಯಲ್ಲಿ, ಆಮೇಲೆ ಕಾರ್ಖಾನೆಯ ಮೆಡಿಕಲ್ ರೂಮಿನಲ್ಲಿ ಕೂತವಳು. ತರಬೇತಿ ಇದೆ. ಆದರೆ ಅದಕ್ಕಿಂತ ಮೊದಲು ಚೀಟಿ ಬರೆಯುವ ಅಭ್ಯಾಸ ಬದಲಾಗಬೇಕು.

ನಮ್ಮ ಚೀಟಿಯಲ್ಲಿ ಇರುವುದು ಎರಡೇ ಮಾತು. ‘ಒಂದು ವಾರ ರೆಸ್ಟ್’, ಇಲ್ಲಾಂದ್ರೆ ‘ಫಿಟ್’. ಎಡಗೈ ಬೆರಳಿಗೆ ಹೊಲಿಗೆ ಬಿದ್ದವನು ಪ್ರೆಸ್ ನಡೆಸಲಾರ, ಆದರೆ ಪೀಸ್ ಚೆಕ್ ಮಾಡಬಲ್ಲ. ಅದನ್ನು ಬರೆಯೋಕೆ ಅವನ ಕೆಲಸ ನಿಮಗೆ ಗೊತ್ತಿರಬೇಕು. ‘ಏನು ಕೆಲಸ?’ ಅಂದರೆ ‘ಹೆಲ್ಪರ್’ ಅಂತಾನೆ. ಅದರಿಂದ ಏನೂ ತಿಳಿಯುವುದಿಲ್ಲ. ಎಷ್ಟು ಕೆಜಿ ಎತ್ತುತ್ತೀಯ, ನೆಲದಿಂದಲೋ ಟೇಬಲ್‌ನಿಂದಲೋ, ಎಷ್ಟು ಹೊತ್ತು ನಿಲ್ಲಬೇಕು, ಜೊತೆಗೆ ಯಾರಾದರೂ ಕೈ ಕೊಡುತ್ತಾರಾ ಅಂತ ಕೇಳಿ. ಗಾರ್ಮೆಂಟ್ಸ್ ಟೈಲರ್‌ಗೆ ಪಾದ ಉಳುಕಿದೆ ಅಂದುಕೊಳ್ಳಿ. ಕೂತು ಮಾಡುವ ಕೆಲಸ ತಾನೇ, ಹೋಗಲಿ ಅನ್ನಿಸುತ್ತದೆ. ಆದರೆ ದಿನವಿಡೀ ಪೆಡಲ್ ಒತ್ತುವುದು ಅದೇ ಪಾದ ಅಲ್ವಾ?

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಇದನ್ನೇ ಊರಿನ ಮಾಮೂಲಿ ಡಾಕ್ಟರುಗಳಿಗೆ ಕಲಿಸಿದರು. 2002ರಲ್ಲಿ ರೆಂಟನ್ ಎಂಬಲ್ಲಿ ಶುರುವಾಯಿತು. ಕಲಿಸಿದ್ದು ನಾಲ್ಕೇ ಸಂಗತಿ. ಅಪಘಾತದ ವರದಿಯನ್ನು ಎರಡು ಕೆಲಸದ ದಿನಗಳಲ್ಲಿ ಕಳಿಸುವುದು, ಏನು ಮಾಡಬಹುದು ಏನು ಮಾಡಬಾರದು ಅಂತ ಫಾರಂನಲ್ಲಿ ಬರೆಯುವುದು, ಮಾಲೀಕರಿಗೆ ಫೋನ್ ಮಾಡುವುದು, ಕೆಲಸಕ್ಕೆ ಮರಳಲು ಏನು ಅಡ್ಡ ಬರುತ್ತಿದೆ ಅಂತ ವಿಚಾರಿಸುವುದು. ಒಂದು ವರ್ಷದ ನಂತರವೂ ಮನೆಯಲ್ಲೇ ಉಳಿದವರು ಸುಮಾರು ಐದನೇ ಒಂದು ಭಾಗ ಕಡಿಮೆಯಾದರು. ಡಾಕ್ಟರು ಮಾಡುವ ಆ ಫೋನಿಗೂ ಅಲ್ಲಿ ಫೀಸ್ ಕೊಡುತ್ತಾರೆ. ನಮಗೆ ಯಾರೂ ಕೊಡುವುದಿಲ್ಲ, ಆದರೂ ಮಾಡಿ. ಕಾರ್ಮಿಕನ ಒಪ್ಪಿಗೆ ಕೇಳಿಕೊಂಡೇ ಮಾಡಿ. ಬ್ರಿಟನ್‌ನಲ್ಲೂ 2010ರಿಂದ ಸರ್ಟಿಫಿಕೇಟಿನಲ್ಲೇ ‘ಸ್ವಲ್ಪ ಬದಲಾವಣೆ ಮಾಡಿಕೊಟ್ಟರೆ ಕೆಲಸ ಮಾಡಬಲ್ಲ’ ಅನ್ನುವ ಜಾಗ ಇದೆ.

ಬೆನ್ನುನೋವಿನ ವಿಷಯ ಬೇರೆಯೇ ಹೇಳಬೇಕು. ನಿಮ್ಮಲ್ಲಿಗೆ ಬರುವುದು ಅದೇ ಜಾಸ್ತಿ ಇರುತ್ತದೆ. ಸಾಮಾನ್ಯ ಬೆನ್ನುನೋವಿಗೆ ಹಾಸಿಗೆ ಹಿಡಿಸುವುದರಿಂದ ಲಾಭವಿಲ್ಲ. ಓಡಾಡಿಕೊಂಡಿದ್ದವರೇ ಬೇಗ ಸುಧಾರಿಸುತ್ತಾರೆ. ಮನೆಯಲ್ಲಿ ತಿಂಗಳುಗಟ್ಟಲೆ ಕೂತಷ್ಟೂ ವಾಪಸ್ ಹೋಗುವ ಸಾಧ್ಯತೆ ಇಳಿಯುತ್ತದೆ. ಬಗ್ಗಿದರೆ ಮತ್ತೆ ಹಿಡಿದುಕೊಳ್ಳುತ್ತದೆ ಅನ್ನುವ ಭಯ ಎಷ್ಟೋ ಸಲ ನೋವಿಗಿಂತ ದೊಡ್ಡದು. ಅದನ್ನು ಮಾತಾಡಿಯೇ ಬಿಡಿಸಬೇಕು, ಮಾತ್ರೆಯಿಂದ ಆಗದು. ಹಾಗಂತ ಮೂತ್ರ ಕಟ್ಟಿದರೆ, ತೊಡೆಸಂದು ಜೋಮು ಹಿಡಿದರೆ, ಪಾದದ ಬಲ ಹೋಗುತ್ತಿದ್ದರೆ ಕಾಯಬೇಡಿ. ಆ ದಿನವೇ ದೊಡ್ಡ ಆಸ್ಪತ್ರೆಗೆ ಕಳಿಸಿ.

ಇಎಸ್‌ಐ ಇದೆಯಾ ಅಂತ ಮೊದಲ ಭೇಟಿಯಲ್ಲೇ ಕೇಳಿ. ಇದ್ದರೆ ಡಿಸ್ಪೆನ್ಸರಿಗೆ ಕಳಿಸಿ, ಅಲ್ಲಿಯ ಸರ್ಟಿಫಿಕೇಟ್ ಬೇಕಾಗುತ್ತದೆ. ಕೆಲಸದಲ್ಲಾದ ಗಾಯಕ್ಕೆ ದಿನದ ಕೂಲಿಯ 90% ಸಿಗುತ್ತದೆ, ಮಾಮೂಲಿ ಕಾಯಿಲೆ ಅಂತಾದರೆ 70%. ಹಾಗಾಗಿ ಯಾವ ದಿನ, ಎಲ್ಲಿ, ಹೇಗೆ ಪೆಟ್ಟಾಯಿತು ಅಂತ ಅವನು ಹೇಳಿದ್ದನ್ನು ಚೀಟಿಯಲ್ಲಿ ಬರೆದುಬಿಡಿ. ಸುಮ್ನೆ ‘ಕೈ ಗಾಯ’ ಅಂತ ಬರೆದರೆ ನಷ್ಟ ಅವನಿಗೇ.

ಇನ್ನು ಕೋರ್ಸ್. ಎಂಬಿಬಿಎಸ್ ಆದವರಿಗೆ ಎಎಫ್‌ಐಎಚ್ (ಅಸೋಸಿಯೇಟ್ ಫೆಲೋ ಆಫ್ ಇಂಡಸ್ಟ್ರಿಯಲ್ ಹೆಲ್ತ್) ಅಂತ ಮೂರು ತಿಂಗಳದ್ದು ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲೂ ನಡೆಸುತ್ತಾರೆ. ಕ್ಲಿನಿಕ್ ಮುಚ್ಚಿ ಹೋಗೋಕೆ ಆಗದಿದ್ದರೆ ನಿಮ್ಮ ರೋಗಿಗಳು ದುಡಿಯುವ ಒಂದು ಕಾರ್ಖಾನೆಗೆ ಹೋಗಿ ಶಾಪ್ ಫ್ಲೋರ್ ನೋಡಿ ಬನ್ನಿ. ಎಚ್‌ಆರ್‌ನವರನ್ನು ಕೇಳಿದರೆ ಬೇಡ ಅನ್ನುವುದು ಕಡಿಮೆ.

‘ಪೂರ್ತಿ ಫಿಟ್ ಆದಮೇಲೇ ಬಾ’ ಅನ್ನುವ ಸೂಪರ್‌ವೈಸರ್ ಸಿಕ್ಕೇ ಸಿಗುತ್ತಾನೆ. ಲೈಟ್ ಡ್ಯೂಟಿಗೆ ಕೊನೆಯೇ ಇರುವುದಿಲ್ಲ ಅನ್ನುವುದು ಅವನ ಚಿಂತೆ. ಅದಕ್ಕೇ ತಾರೀಖು ಹಾಕಿ: ಇಂಥ ದಿನದವರೆಗೆ 5 ಕೆಜಿಗಿಂತ ಜಾಸ್ತಿ ಎತ್ತುವಂತಿಲ್ಲ, ಆಮೇಲೆ ಮತ್ತೆ ತೋರಿಸಬೇಕು. ಕಾಂಟ್ರಾಕ್ಟ್ ಕಾರ್ಮಿಕರ ಹತ್ತಿರ ಮಾತ್ರ ಈ ಚೀಟಿ ಯಾವಾಗಲೂ ನಡೆಯುವುದಿಲ್ಲ. ಅದನ್ನು ನೋಡಿದ ಕೂಡಲೇ ಅವನ ಜಾಗಕ್ಕೆ ಬೇರೆಯವನನ್ನು ಹಾಕಿಬಿಡುತ್ತಾರೆ. ಅಂಥವರಿಗೆ ಬರೆಯುವ ಮೊದಲು ‘ಬರೆಯಲಾ?’ ಅಂತ ಅವರನ್ನೇ ಕೇಳಿ.