‘ಗೋವಿನಜೋಳದ ಹಡಗು’ ಬರೆದವರಿಗೆ

ನಮಸ್ಕಾರ. 1860ರ ನವೆಂಬರಿನಲ್ಲಿ ಅಮೆರಿಕದ ಹ್ಯೂರಾನ್ ಸರೋವರದಲ್ಲಿ ಗೋವಿನಜೋಳ ಹೊತ್ತ ಕೈಲ್ ಸ್ಪ್ಯಾಂಗ್ಲರ್ ಎಂಬ ಮರದ ಸ್ಕೂನರ್ (ಒಂದು ಬಗೆಯ ಹಾಯಿಹಡಗು) ಇನ್ನೊಂದು ಸ್ಕೂನರಿಗೆ ಡಿಕ್ಕಿಯಾಗಿ ಮುಳುಗಿದ್ದನ್ನು ಹಾವೇರಿಯಲ್ಲಿ ಕೂತು ಕತೆ ಮಾಡಿದ್ದೀರಿ. ವಸ್ತು ಗಟ್ಟಿ. ಆದರೆ ಈಗಿರುವಂತೆ ಅಚ್ಚು ಹಾಕಲಾರೆವು.

‘ಗುದ್ದಿದ ಕ್ಯಾಪ್ಟನ್ ಹಡಗನ್ನು ತಟ್ಟನೆ ಹಿಂದಕ್ಕೆ ತೆಗೆದ’ ಎಂದಿದ್ದೀರಿ. ಹಾಯಿಹಡಗಿಗೆ ಎಂಜಿನ್ ಇಲ್ಲ, ಬೇಕೆಂದಾಗ ಅದು ಹಿಂದೆ ಸರಿಯದು. ಅದರ ಮೂತಿ ಹಲಗೆ ಒಡೆದ ತೂತಿನಲ್ಲೇ ಸಿಕ್ಕಿಕೊಳ್ಳುತ್ತದೆ. ಮೂತಿಯಿಂದ ಮುಂದಕ್ಕೆ ಚಾಚಿದ ಕಂಬ ಎದುರು ಹಡಗಿನ ಹಗ್ಗಗಳಲ್ಲಿ ತೊಡರುತ್ತದೆ. ಮೂತಿ ಒಳಗಿರುವಷ್ಟು ಹೊತ್ತು ಅದೇ ಬಿರಡೆ. ಅಲೆಗಳು ಎರಡನ್ನೂ ಎಳೆದಾಡಿ ಬಿಡಿಸಿದಾಗಲೇ ನೀರು ಭೋರೆಂದು ನುಗ್ಗುವುದು. ಹಾಗೆ ಬಿಡಿಸಿಕೊಳ್ಳುವ ಮೊದಲಿನ ಹೊತ್ತೊಂದೇ ಜನ ಈಚೆಯಿಂದ ಆಚೆಗೆ ಜಿಗಿಯಬಹುದಾದ ಸಮಯ. ನಿಮ್ಮ ಕತೆಯ ಜೀವ ಅಲ್ಲಿದೆ, ನೀವು ಅದನ್ನು ಒಂದು ಸಾಲಿಗೆ ಮುಗಿಸಿದ್ದೀರಿ. ಎರಡು ಪುಟ ಕೊಡಿ.

‘ದೊಡ್ಡ ತೂತು’ ಸಾಲದು, ಅಳತೆ ಬೇಕು. ನೀರಿನ ಮಟ್ಟಕ್ಕಿಂತ 1 ಮೀಟರ್ ಕೆಳಗೆ, 30 ಸೆಂ.ಮೀ. ಉದ್ದ ಅಷ್ಟೇ ಅಗಲದ ತೂತಾದರೆ ಸೆಕೆಂಡಿಗೆ ಸುಮಾರು 240 ಲೀಟರ್ ಒಳಬರುತ್ತದೆ. ಹುಬ್ಬಳ್ಳಿಯ ಓಣಿಗೆ ಬರುವ 5,000 ಲೀಟರಿನ ಟ್ಯಾಂಕರ್ ಇದ್ದರೆ, ಸುಮಾರು 20 ಸೆಕೆಂಡಿಗೊಂದು ಹಡಗಿನೊಳಗೆ ಖಾಲಿಯಾದಂತೆ. ಅಂಥ ಹಡಗಿನಲ್ಲಿ ‘ಬೆಳತನಕ ಪಂಪು ಹೊಡೆದರು’ ಎಂಬುದು ನಿಲ್ಲುವುದಿಲ್ಲ. ಬೆಳತನಕ ಪಂಪು ಹೊಡೆಯಲೇಬೇಕಿದ್ದರೆ ತೂತು ಬೇಡ; ಹಲಗೆಗಳ ಸಂದಿ ಬಿಟ್ಟು, ತುರುಕಿದ ನಾರು ಕಿತ್ತುಬಂದು ಸೋರಲಿ.

‘ಕಾಳು ಉಬ್ಬಿ ಹಡಗು ಬಿರಿಯಿತು’ ಎಂಬುದೂ ಅವಸರದ ಮಾತು. ಗೋವಿನಜೋಳ ನೆನೆದು ಉಬ್ಬಲು ತಾಸುಗಟ್ಟಲೆ ಬೇಕೆಂದು ನಿಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ಮೊದಲು ಆಗುವುದು ಬೇರೆ: ಬಿಡಿಕಾಳು ಒಂದು ಮಗ್ಗುಲಿಗೆ ಜರುಗಿ ಹಡಗು ವಾಲುತ್ತದೆ, ನೀರಿನೊಡನೆ ಹರಿದ ಕಾಳು ಪಂಪಿನ ಬಾಯಿಗೆ ಸಿಕ್ಕಿ ಕಟ್ಟುತ್ತದೆ. ಪಂಪು ಬಿಚ್ಚಿ ಕಾಳು ಕೆರೆದು ತೆಗೆಯುವ ಒಬ್ಬ ಹುಡುಗನನ್ನು ತನ್ನಿ.

ಕೊನೆಯಲ್ಲಿ ಹಡಗನ್ನು ಹುಳು ತಿಂದು ಪುಡಿಮಾಡಿದೆ. ಹಡಗಿನ ಮರ ಕೊರೆಯುವ ಆ ಜೀವಿ ಕಡಲಿನ ಉಪ್ಪುನೀರಿನದು, ಸಿಹಿನೀರಿನ ಸರೋವರದಲ್ಲಿ ಅದು ಬದುಕದು. ಆ ತಣ್ಣನೆಯ ನೀರಿನಡಿ ಸ್ಪ್ಯಾಂಗ್ಲರ್ ಹಡಗಿನ ಎರಡೂ ಕೂವೆಮರಗಳು, ಅಂದರೆ ಹಾಯಿ ಕಟ್ಟುವ ಕಂಬಗಳು, ನೆಟ್ಟಗೆ ನಿಂತಿವೆ. ನಿಮ್ಮ ಮುಳುಗುಗಾರ ಕೆಳಗಿಳಿಯುವಾಗ ಅವನ ಕೈಗೆ ಮೊದಲು ತಾಗಬೇಕಾದದ್ದು ಆ ಮರದ ತುದಿ.

ತಿದ್ದಿದ ಪ್ರತಿ ಬಂದರೆ ಮೊದಲ ಸಾಲಿನಿಂದ ಮತ್ತೆ ಓದುತ್ತೇವೆ.

— ಸಂಪಾದಕರು, ಧಾರವಾಡ