ಸಂತ ಬೋನಿಫೇಸ್ ಯಾರು? ಜರ್ಮನಿಯಲ್ಲಿ ಅವರಿಗೆ ಅಷ್ಟು ಮಹತ್ವ ಏಕೆ?

ಬೋನಿಫೇಸ್ ಮೂಲತಃ ಇಂಗ್ಲೆಂಡಿನವರು. ಹುಟ್ಟಿದ್ದು ಸುಮಾರು 675ರಲ್ಲಿ, ಮೊದಲ ಹೆಸರು ವಿನ್‌ಫ್ರಿತ್. ಮಠದಲ್ಲಿ ಪಾಠ ಹೇಳಿಕೊಂಡಿದ್ದವರು ನಲವತ್ತರ ಆಸುಪಾಸಿನಲ್ಲಿ ಕಡಲು ದಾಟಿ ಫ್ರೀಸಿಯಾಕ್ಕೆ, ಅಂದರೆ ಇಂದಿನ ನೆದರ್ಲೆಂಡ್ಸ್ ಕಡೆಯ ಕರಾವಳಿ ಸೀಮೆಗೆ, ಹೋದರು. 719ರಲ್ಲಿ ಪೋಪ್ ಎರಡನೇ ಗ್ರೆಗರಿ ಅವರಿಗೆ ಹೊಸ ಹೆಸರನ್ನೂ ಧರ್ಮಪ್ರಚಾರದ ಹೊಣೆಯನ್ನೂ ಕೊಟ್ಟರು.

ಹೆಚ್ಚಿನವರಿಗೆ ಗೊತ್ತಿರುವುದು ಜರ್ಮನಿಯ ಗೈಸ್ಮಾರ್‌ನ ಓಕ್ ಮರದ ಕಥೆ. ಗುಡುಗಿನ ದೇವರಿಗೆ ಮೀಸಲಾಗಿದ್ದ ಆ ಮರಕ್ಕೆ ಕೊಡಲಿ ಹಾಕಿ, ಅದೇ ಮರದಿಂದ ಪ್ರಾರ್ಥನಾಲಯ ಕಟ್ಟಿದರಂತೆ. ಇನ್ನೊಬ್ಬರ ಪವಿತ್ರ ಮರ ಕಡಿದದ್ದನ್ನು ನಾನು ಮೆಚ್ಚಲಾರೆ. ಅವರ ನಿಜವಾದ ದೊಡ್ಡ ಕೆಲಸ ಬೇರೆಯೇ ಇದೆ: ಬವೇರಿಯಾದಲ್ಲಿ ಬಿಷಪ್ ಪೀಠಗಳನ್ನು ಒಂದು ಕ್ರಮಕ್ಕೆ ತಂದರು, ಲಿಯೋಬಾ ಅವರಂಥ ವಿದ್ಯಾವಂತ ಸನ್ಯಾಸಿನಿಯರನ್ನು ಇಂಗ್ಲೆಂಡಿನಿಂದ ಕರೆಸಿಕೊಂಡರು. 744ರಲ್ಲಿ ಶಿಷ್ಯ ಸ್ಟುರ್ಮ್ ಕೈಯಲ್ಲಿ ಫುಲ್ಡಾ ಮಠ ಕಟ್ಟಿಸಿದರು. ಅದು ಮುಂದೆ ದೊಡ್ಡ ವಿದ್ಯಾಕೇಂದ್ರವಾಯಿತು. ಜರ್ಮನಿಯ ಬಿಷಪ್ಪರು ಇಂದಿಗೂ ಶರತ್ಕಾಲದಲ್ಲಿ ಸಭೆ ಸೇರುವುದು ಅಲ್ಲೇ, ಬೋನಿಫೇಸ್ ಸಮಾಧಿ ಇರುವ ಊರಿನಲ್ಲಿ.

ಅವರನ್ನು ಹತ್ತಿರದಿಂದ ಕಾಣಬೇಕಾದರೆ ಪತ್ರಗಳನ್ನು ಓದಬೇಕು. ವಿಂಚೆಸ್ಟರ್‌ನ ಬಿಷಪ್ ಡೇನಿಯಲ್‌ಗೆ ಬರೆದ ಒಂದು ಪತ್ರದಲ್ಲಿ, ಕಣ್ಣು ಮಂಜಾಗುತ್ತಿದೆ, ಅಕ್ಷರಗಳು ಬಿಡಿಬಿಡಿಯಾಗಿ ಸ್ಪಷ್ಟವಾಗಿರುವ, ಬೈಬಲಿನ ಪ್ರವಾದಿಗಳ ಗ್ರಂಥವನ್ನು ಕಳಿಸಿಕೊಡಿ ಎಂದು ಬೇಡುತ್ತಾರೆ. ಅದನ್ನು ಓದಿದಾಗ ಮನಸ್ಸು ಕಲಕುತ್ತದೆ.

ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಮತ್ತೆ ಫ್ರೀಸಿಯಾಕ್ಕೆ ಹೋದರು. 754ರ ಜೂನ್ 5ರಂದು ಡೋಕ್ಕುಮ್ ಬಳಿ ದಾಳಿಕೋರರು ಅವರನ್ನೂ ಜೊತೆಗಾರರನ್ನೂ ಕೊಂದರು. ಏಟು ತಡೆಯಲು ಅವರು ಪುಸ್ತಕವೊಂದನ್ನು ತಲೆಯ ಮೇಲೆ ಎತ್ತಿ ಹಿಡಿದರೆಂಬುದು ನಂಬಿಕೆ. ಆ ಪುಸ್ತಕವೇ ಇದೆಂದು ಹೇಳುವ ಹಸ್ತಪ್ರತಿ ಫುಲ್ಡಾದಲ್ಲಿದೆ, ಅದರ ಹಾಳೆಗಳಲ್ಲಿ ಆಳವಾದ ಕಡಿತದ ಗುರುತುಗಳು ಈಗಲೂ ಕಾಣುತ್ತವೆ.